ಕೆಂಪಗೆ ಏನೂ ಬರಲಿಲ್ಲ ಎಂದೆ

ತಂಗಿ ಹಾಸನದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಅದೇ ಲ್ಯಾಬಿಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಖೆಗಳಿಂದ ಬೈಕಿನಲ್ಲಿ ರಕ್ತದ ಸ್ಯಾಂಪಲ್ ತರುವವನು ನಾನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಇಂಗ್ಲಿಷ್ ಅಕ್ಷರ ಗುರುತಿಸಬಲ್ಲೆ, ಕೂಡಿಸಿ ಓದಲಾರೆ.

ನಾಲ್ಕೂ ಊರಿನ ಕಂಪ್ಯೂಟರುಗಳು ರಿಪೋರ್ಟನ್ನು ತಾವೇ ಕಳಿಸಿಕೊಳ್ಳುವ ಹಾಗೆ ಮಾಡಲು ತಂಗಿ ಹೊರಟಳು. ಪ್ರೋಗ್ರಾಮುಗಳು ಕಂಟೇನರ್ ಅನ್ನುವ ಡಬ್ಬಿಗಳೊಳಗೆ ಇರುತ್ತವಂತೆ. ಒಂದೂರಿನ ಡಬ್ಬಿ ಇನ್ನೊಂದೂರಿನ ಡಬ್ಬಿಯನ್ನು ಹುಡುಕಿಕೊಳ್ಳಲು ಪ್ಲಗಿನ್ ಅನ್ನುವ ಒಂದು ಸಣ್ಣ ಪ್ರೋಗ್ರಾಮು ಹಾಕಿ, ಊರಿಗೊಂದು ಬೇರೆ ನಂಬರ್ ಕೊಡಬೇಕು. ಒಂದೇ ನಂಬರ್ ಎರಡು ಕಡೆ ಬಿದ್ದರೆ ಒಬ್ಬರ ಕಾಗದ ಇನ್ನೊಬ್ಬರ ಮನೆ ಸೇರುತ್ತದೆ ಎಂದು ಒತ್ತಿ ಹೇಳಿದ್ದಳು. ಅವಳು ಹಾಸನ ಬಿಟ್ಟು ಬರುವ ಹಾಗಿರಲಿಲ್ಲ. ಅವಳು ಫೋನಿನಲ್ಲಿ ಹೇಳುವುದು, ನಾನು ಒತ್ತುವುದು.

ಏನಾದರೂ ತಪ್ಪಾದರೆ ತೆರೆಯ ಮೇಲೆ ಕೆಂಪು ಸಾಲು ಬರುತ್ತಿತ್ತು. ಅದನ್ನು ಒಂದೊಂದೇ ಅಕ್ಷರ ಹಿಡಿದು ನಾನು ಜೋರಾಗಿ ಒಪ್ಪಿಸಬೇಕಿತ್ತು. ಅರಕಲಗೂಡಿನಲ್ಲಿ ರಕ್ತ ಕೊಡಲು ಕೂತಿದ್ದ ಹೆಂಗಸೊಬ್ಬಳು, "ಈ ವಯಸ್ಸಲ್ಲಿ ಎಬಿಸಿಡಿ ಕಲೀತಾವ್ನೆ ನೋಡಕ್ಕ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಊರಿಗೊಂದು ಚೀಟಿಯಲ್ಲಿ ನಂಬರ್ ಬರೆದು ತಂಗಿ ಫೋನಿಗೆ ಫೋಟೊ ಕಳಿಸಿದ್ದಳು; ಚನ್ನರಾಯಪಟ್ಟಣದಲ್ಲಿ ಅದನ್ನು ನೋಡಿ ನಂಬರ್ ಒತ್ತಿದೆ. ನಾನು ನೋಡಿದ್ದು ಹೊಳೆನರಸೀಪುರದ ಚೀಟಿ. ಎರಡು ಸಾಲು ಕೆಂಪಗೆ ಬಂತು. ನನ್ನ ಬೆನ್ನ ಹಿಂದೆ ಏಳೆಂಟು ಜನ ಕೂತಿದ್ದರು.

"ಕೆಂಪಗೆ ಏನಾದ್ರೂ ಬಂತಾ ಅಣ್ಣ?" ತಂಗಿ ಫೋನಿನಲ್ಲಿ ಕೇಳಿದಳು.

"ಇಲ್ಲ ಕಣವ್ವ, ಏನೂ ಬರ್ನಿಲ್ಲ."

ಮಾರನೇ ದಿನ ಬೆಳಗಿನ ಸ್ಯಾಂಪಲ್ ಹಾಸನಕ್ಕೆ ಮುಟ್ಟಿಸಿ, ಮಧ್ಯಾಹ್ನ ಮತ್ತೆ ಹೊಳೆನರಸೀಪುರದಲ್ಲಿದ್ದೆ. ತಂಗಿಯ ಫೋನು ಬಂತು. ಅಲ್ಲಿ ಅವತ್ತು ರಕ್ತ ಕೊಟ್ಟ ಒಂಬತ್ತನೇ ನಂಬರಿನ ಹೆಂಗಸಿಗೆ ಡೆಂಗಿ ಜ್ವರ, ಪ್ಲೇಟ್‌ಲೆಟ್ ತೀರಾ ಇಳಿದಿದೆ, ತಕ್ಷಣ ಆಸ್ಪತ್ರೆಗೆ ಸೇರಿಸಿ ಎಂದಳು. ಕೌಂಟರಿನವರು ಗಾಬರಿಯಾದರು. ಎಲ್ಲ ಸರಿಯಿದೆ ಎಂಬ ರಿಪೋರ್ಟು ಕೊಟ್ಟು ಆಕೆಯನ್ನು ಆಗಲೇ ಕಳಿಸಿಬಿಟ್ಟಿದ್ದರು. ರಿಪೋರ್ಟಿನಲ್ಲಿ ಹೆಸರಿರುವುದಿಲ್ಲ, ನಂಬರ್ ಮಾತ್ರ; ಅದು ಚನ್ನರಾಯಪಟ್ಟಣದ ಒಂಬತ್ತನೇ ನಂಬರಿನವರ ರಿಪೋರ್ಟು. ಆಕೆ ಕೊಟ್ಟಿದ್ದ ಫೋನು ಸ್ವಿಚ್ ಆಫ್.

ತಪ್ಪು ನನ್ನದೆಂದು ಯಾರೂ ಹೇಳದೆಯೇ ನನಗೆ ಗೊತ್ತಾಯಿತು. ಬಸ್‌ಸ್ಟ್ಯಾಂಡಿಗೆ ಓಡಿದೆ. ಹೊರಡಲು ನಿಂತಿದ್ದ ಬಸ್ಸುಗಳಿಗೆ ಹತ್ತಿ ಹತ್ತಿ, ಬೆಳಗ್ಗೆ ರಕ್ತ ಕೊಟ್ಟವರು ಯಾರಿದ್ದೀರಿ ಎಂದು ಕೂಗಿದೆ. ಒಂದು ಬಸ್ಸು ನನ್ನ ಕಣ್ಣೆದುರೇ ಹೊರಟುಹೋಯಿತು. ಅದರಲ್ಲಿದ್ದರೆ?

ರಾಮನಾಥಪುರದ ಬಸ್ಸಿನಲ್ಲಿ ಆಕೆ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಮಡಿಸಿದ ಮೊಣಕೈಯಲ್ಲಿ ಹತ್ತಿ ಹಾಗೇ ಇತ್ತು.

"ಏನೂ ಇಲ್ಲ ಅಂತ ಬರ್ಕೊಟ್ರಲ್ಲಪ್ಪ," ಎಂದಳು.

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸೆರಗಿನಲ್ಲಿ ರಕ್ತ. ಮಿಷಿನ್ ತಪ್ಪು ಮಾಡಿಬಿಡ್ತು ಕಣಕ್ಕ ಎಂದು ಆಕೆಗೂ ಸುಳ್ಳು ಹೇಳಿದೆ.

ಐದು ದಿನ ಆಸ್ಪತ್ರೆಯಲ್ಲಿದ್ದು ಆಕೆ ಬದುಕಿದಳು.

ಲ್ಯಾಬಿನ ಯಜಮಾನರ ಮುಂದೆ ತಂಗಿ, ನಂಬರ್ ತಪ್ಪಾಗಿ ಬರೆದುಕೊಟ್ಟವಳು ತಾನೇ ಎಂದಳು. ನಾನು ಬಾಗಿಲಲ್ಲಿ ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದೆ. ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದಳು:

"ಕೆಂಪಗೆ ಬಂದಿದ್ದೆಲ್ಲ ಟೈಮ್ ಸಮೇತ ಕಂಪ್ಯೂಟರಲ್ಲಿ ಉಳ್ಕೊಂಡಿರ್ತದೆ ಅಣ್ಣ. ಓದಕ್ಕೆ ಆಗ್ತಿಲ್ಲ ಅಂದಿದ್ರೆ ನಾನೇ ಬಸ್ ಹತ್ತಿ ಬತ್ತಿದ್ದೆ."

ಆಗಲೂ ನಾನು ಒಳಗೆ ಹೋಗಲಿಲ್ಲ. ಬೈಕು ಸ್ಟಾರ್ಟ್ ಮಾಡಿದೆ. ಆ ತಪ್ಪು ಇವತ್ತಿಗೂ ಅವಳ ಹೆಸರಿನಲ್ಲೇ ಇದೆ.