ನಾಚಿಕೆಗೆಟ್ಟವನ ಪಾಲು

ಪುಂತಾ ಸಲೀನಾ ಬಂದರಿನಲ್ಲಿ ಹಗ್ಗ, ಗಾಳ, ಬಲೆಯ ಬೆಂಡು ಮಾರುವ ತೆಲ್ಮೊ ಈಗ ತಲೆ ನರೆತ ಮನುಷ್ಯ. ಆದರೆ ಅವನ ಬದುಕು ತೀರ್ಮಾನವಾದದ್ದು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ, ಒಂದು ಸೀಗಡಿಯ ದೆಸೆಯಿಂದ.

ಅವನ ಚಿಕ್ಕಮ್ಮನ ಮದುವೆಯ ಊಟ. ಆ ಊರಲ್ಲಿ ತಟ್ಟೆ ಮೇಜಿನ ನಡುವೆ ಇರುತ್ತದೆ, ಸುತ್ತ ಕೂತವರೆಲ್ಲ ಅದಕ್ಕೇ ಕೈ ಹಾಕುತ್ತಾರೆ. ಮೊದಲ ತುಂಡಿಗೆ ನೂಕುನುಗ್ಗಲು, ನಡುವಿನವಕ್ಕೆ ಪೈಪೋಟಿ. ಕೊನೆಯದೊಂದು ಉಳಿಯಿತೋ, ಎಲ್ಲರಿಗೂ ಒಮ್ಮೆಲೇ ಹೊಟ್ಟೆ ತುಂಬಿಬಿಡುತ್ತದೆ. ಅದಕ್ಕೆ ನಾಚಿಕೆಯ ತುಂಡು ಎಂದೇ ಹೆಸರು. ಕಣ್ಣು ಎಲ್ಲರದೂ ಅದರ ಮೇಲೆ, ಕೈ ಮಾತ್ರ ಯಾರದೂ ಇಲ್ಲ. ತಿಂದವನು ಅನ್ನ ಕಾಣದ ಮನೆಯವನು ಎಂದಾಗಿಬಿಡುತ್ತದೆ. ಇದೊಂದೂ ತಿಳಿಯದ ಪುಟ್ಟ ತೆಲ್ಮೊ, ಪಾದ್ರಿಗಳೂ ಎರಡು ಕಡೆಯ ಬೀಗರೂ ನೋಡನೋಡುತ್ತಿದ್ದಂತೆ ಕೊನೆಯ ಸೀಗಡಿಯನ್ನು ಎತ್ತಿಕೊಂಡ. ಸಾವಕಾಶವಾಗಿ ಸಿಪ್ಪೆ ಸುಲಿದ. ತಲೆಯನ್ನೂ ಬಿಡದೆ ಸುರ್ರೆಂದು ಹೀರಿ, ಬೆರಳು ನೆಕ್ಕಿದ.

"ಅಯ್ಯೋ ನಾಚಿಕೆಗೆಟ್ಟವನೇ!" ಎಂದಳು ವರನ ತಾಯಿ.

ಮುಗಿಯಿತು. ಆ ಊರಲ್ಲಿ ಪಾದ್ರಿ ಇಟ್ಟ ಹೆಸರು ಬರೆದಿಡುವುದಕ್ಕೆ, ಊರು ಇಟ್ಟ ಹೆಸರು ಬಳಸುವುದಕ್ಕೆ. ಶಾಲೆಯಲ್ಲಿ ನಾಚಿಕೆಗೆಟ್ಟ ತೆಲ್ಮೊ, ಇಗರ್ಜಿಯಲ್ಲಿ ನಾಚಿಕೆಗೆಟ್ಟ ತೆಲ್ಮೊ. ಪ್ರಾಯಕ್ಕೆ ಬಂದಾಗ ಪಕ್ಕದ ಊರಿನ ಹುಡುಗಿಯೊಬ್ಬಳು ಒಪ್ಪಿದ್ದಳು, ಅವಳಪ್ಪನೂ ಒಪ್ಪಿದ್ದ. ಅವಳಜ್ಜಿ ಒಂದು ದಿನ ಮೀನು ಕೊಳ್ಳಲು ಬಂದವಳು, "ಇಲ್ಲಿ ತೆಲ್ಮೊ ಅಂತ ಯಾರಪ್ಪಾ?" ಎಂದು ವಿಚಾರಿಸಿದಳು. "ಯಾರು, ನಾಚಿಕೆಗೆಟ್ಟವನಾ?" ಎಂದಿತು ಊರು. ಅಜ್ಜಿ ಮೀನನ್ನೂ ಕೊಳ್ಳದೆ ಹಿಂದಿರುಗಿದಳು.

ಅಂಗಡಿ ಇಟ್ಟ ಮೇಲೆ ಆ ಬಿರುದು ಇನ್ನೂ ತುಟ್ಟಿಯಾಯಿತು. ನ್ಯಾಯವಾದ ಬೆಲೆ ಹೇಳಿದರೆ ಗಿರಾಕಿ ನಕ್ಕು, "ಹೆಸರಿಗೆ ತಕ್ಕ ಹಾಗೇ ಹೇಳ್ತೀಯಲ್ಲಪ್ಪಾ" ಅನ್ನುತ್ತಿದ್ದ. ಇಳಿಸಿ ಹೇಳಿದರೆ ಹಗ್ಗದಲ್ಲಿ ಏನೋ ಐಬಿದೆ ಎಂದು ಎಳೆದೆಳೆದು ನೋಡುತ್ತಿದ್ದ.

ತೆಲ್ಮೊ ಪಟ್ಟು ಹಿಡಿದ. ಆ ಸೀಗಡಿಯ ನಂತರ ಅವನು ಯಾವ ತಟ್ಟೆಯ ಕೊನೆಯ ತುಂಡನ್ನೂ ಮುಟ್ಟಲಿಲ್ಲ. ತಟ್ಟೆ ತೆಳುವಾಗುತ್ತಿದ್ದಂತೆಯೇ ಎರಡು ಕೈಯನ್ನೂ ಜೇಬಿಗೆ ಇಳಿಸಿಬಿಡುತ್ತಿದ್ದ. ಒಬ್ಬನೇ ಇರುವ ಮನೆಯಲ್ಲೂ ಒಂದು ಮತ್ತಿ ಮೀನು ಉಳಿಸಿ ಏಳುತ್ತಿದ್ದ, ಗೋಡೆಗಾದರೂ ಗೊತ್ತಾಗಲಿ ಎಂದು.

ಕಡೆಗೆ ಕಾಲವೇ ಅವನ ಪರವಾಗಿ ನಿಂತಿತು. ಆ ಮದುವೆಯ ಊಟ ಉಂಡವರು ಒಬ್ಬೊಬ್ಬರಾಗಿ ಮಣ್ಣಿಗೆ ಹೋದರು. ಪ್ರತಿಯೊಬ್ಬರ ಶವದ ಹಿಂದೆಯೂ ತೆಲ್ಮೊ ನಿಜವಾದ ದುಃಖದಿಂದಲೇ ನಡೆದ. ಬರುವಾಗ ಮಾತ್ರ ಹೆಜ್ಜೆ ಸ್ವಲ್ಪ ಹಗುರವಾಗಿರುತ್ತಿತ್ತು. ಹೊಸ ತಲೆಮಾರಿನವರು ಅವನನ್ನು ಹಗ್ಗದ ತೆಲ್ಮೊ ಎಂದರು. ಅವನು ಅದನ್ನೇ ನೀಲಿ ಬಣ್ಣದಲ್ಲಿ ಬರೆಸಿ ಅಂಗಡಿಯ ಮೇಲೆ ಹಾಕಿದ.

ಉಳಿದ ಸಾಕ್ಷಿ ಒಬ್ಬನೇ, ಬರ್ನಾಬೆ. ದೋಣಿಯ ಯಜಮಾನ, ಪೀಪಾಯಿ ಹೊಟ್ಟೆಯವನು. ಆ ದಿನ ತೆಲ್ಮೊನ ಪಕ್ಕದಲ್ಲೇ ಕೂತಿದ್ದ, ಅದೇ ಸೀಗಡಿಯ ಮೇಲೆ ಕಣ್ಣಿಟ್ಟಿದ್ದ. ಬರ್ನಾಬೆ ಹಗ್ಗ ಕೊಂಡಾಗೆಲ್ಲ ತೆಲ್ಮೊ ಒಂದು ಮಾರು ಹೆಚ್ಚೇ ಅಳೆಯುತ್ತಿದ್ದ. ಏಕೆಂದು ಇವನು ಹೇಳಲಿಲ್ಲ, ಅವನು ಕೇಳಲಿಲ್ಲ.

ಭಾನುವಾರ ಪೂಜೆ ಮುಗಿಸಿ ಇವರಿಬ್ಬರೂ, ಜೊತೆಗೆ ಔಷಧಿ ಅಂಗಡಿ ಮಗಳಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಬೇಸರ ಹತ್ತಿದ್ದ ಹಿನೆಸ್, ಮೂವರೂ ಕಾಂದೆಲಾಳ ಖಾನಾವಳಿಯಲ್ಲಿ ಸೇರುವುದು ವಾಡಿಕೆ. ಕಾಂದೆಲಾ ಗಂಡ ತೀರಿದ ಮೇಲೆ ಒಲೆಯನ್ನೇ ನೆಚ್ಚಿಕೊಂಡ ಹೆಂಗಸು. ಊರಿನ ಗಂಡಸರೆಲ್ಲ ಅವಳನ್ನು ನೀವು ಎಂದೇ ಮಾತಾಡಿಸುತ್ತಿದ್ದರು, ಏಕೆಂದರೆ ಸೌಟು ಅವಳ ಕೈಯಲ್ಲಿತ್ತು. ಅವಳ ಸೀಗಡಿ ಕ್ರೊಕೆಟಾ ಎಂದರೆ ಎಣ್ಣೆಯಲ್ಲಿ ಕರಿದ ಉಂಡೆ, ಹೊರಗೆ ಗರಿಗರಿ, ಒಳಗೆ ಹಾಲುಹಿಟ್ಟು ಇನ್ನೂ ಕುದಿಯುತ್ತಿರುವಂಥದು. ಕಚ್ಚಿದವನು ಅರೆಗಳಿಗೆ ಬಾಯಿ ತೆರೆದುಕೊಂಡು ಹಾ ಹೂ ಎನ್ನದೆ ನುಂಗಿದ್ದಿಲ್ಲ. ತೆಲ್ಮೊ ಯಾವಾಗಲೂ ಅಡುಗೆಮನೆಯ ಕಿಂಡಿಗೆ ಎದುರಾಗಿಯೇ ಕೂರುತ್ತಿದ್ದ. ಕ್ರೊಕೆಟಾ ಬೇಗ ಕಾಣುತ್ತದೆ ಎಂಬುದು ಅವನು ಕೊಡುತ್ತಿದ್ದ ಕಾರಣ. ಯಾರೂ ನಂಬುತ್ತಿರಲಿಲ್ಲ.

ಅವತ್ತು ಮೂಡಣ ಗಾಳಿ ಬಾಗಿಲು ಬಡಿಯುತ್ತಿತ್ತು. ಆ ಗಾಳಿ ಎದ್ದರೆ ಊರಿಗೆ ಊರೇ ಸ್ವಲ್ಪ ತಲೆಕೆಟ್ಟಂತೆ ಆಡುತ್ತದೆ, ಹೀಗಾಗಿ ಕಾಂದೆಲಾ ತಾನೇ ತಟ್ಟೆ ಹಿಡಿದು ಬಂದು ಮೇಜಿನ ಮೇಲೆ ಧಡ್ ಎಂದು ಇಟ್ಟಾಗ ಮೂವರೂ ಗಾಳಿಯದೇ ಕೆಲಸ ಎಂದುಕೊಂಡರು.

"ನೋಡ್ರಪ್ಪಾ, ಇಷ್ಟು ವರ್ಷ ತಟ್ಟೇಲಿ ಒಂದು ಉಳಿದು ವಾಪಸ್ ಬಂದಾಗೆಲ್ಲ, ಪಾಪ, ಇವ್ರಿಗೆ ನಾಚಿಕೆ ಅಂದ್ಕೊಂಡೆ. ನಿನ್ನೆ ಈ ಮಹಾರಾಯ ಹೇಳ್ತಾನೆ, ಅಮ್ಮಾ, ರುಚಿ ಇದ್ದಿದ್ರೆ ಯಾರಾದ್ರೂ ಬಿಡ್ತಿದ್ರಾ, ಅಂತ."

ಅವಳ ಸೌಟು ತೋರಿಸಿದ ಕಡೆ, ಗಲ್ಲಾದ ಪಕ್ಕ, ಪಟ್ಟಣದಿಂದ ಬಂದ ಏಜೆಂಟನೊಬ್ಬ ಕೂತಿದ್ದ. ಮಂಜುಗಟ್ಟಿಸಿದ ತಿನಿಸು ಮಾರುವವನು. ಅವನ ಕಾಲ ಬಳಿ ಒಂದು ಡಬ್ಬಿ. ಡಬ್ಬಿಯ ಮೇಲೆ ಕ್ರೊಕೆಟಾದ ಚಿತ್ರ, ಇಟ್ಟಿಗೆಗೂ ಅದಕ್ಕೂ ಬಣ್ಣದಲ್ಲಿ ಮಾತ್ರ ವ್ಯತ್ಯಾಸ. ಗಿರಾಕಿಯ ಎದೆಯಲ್ಲಿ ಅನುಮಾನದ ಬೀಜ ಹಾಕಿ, ಮಳೆ ಬರಲಿ ಎಂದು ಕಾಯುವ ಕಸುಬು ಅವನಿಗೆ ಚೆನ್ನಾಗಿ ಗೊತ್ತಿತ್ತು. ಟೋಪಿ ಎತ್ತಿ ನಮಸ್ಕರಿಸಿದ.

"ಛೆ ಛೆ, ನಾಚಿಕೇನೇ ಕಾಂದೆಲಮ್ಮಾ! ನಿಮ್ಮ ಕೈ ರುಚಿಗೆ ಏನಾಗಿದೆ?" ಎಂದ ತೆಲ್ಮೊ.

"ಬಾಯಿಮಾತು ಬೇಡ. ಖಾಲಿ ತಟ್ಟೆ ಬೇಕು. ಇವತ್ತು ಒಂದು ಉಳಿದು ಬಂತೋ, ನಾಳೆಯಿಂದ ನಾನು ಹಿಟ್ಟು ಕಲಸಲ್ಲ. ಇವನ ಡಬ್ಬೀನೇ ಕರಿದು ಹಾಕ್ತೀನಿ. ತಿನ್ನಿ!"

ಅವಳು ಒಳಗೆ ಹೋದಳು. ಕಿಂಡಿಯ ಬಾಗಿಲನ್ನು ಒಂದು ಬೆರಳಷ್ಟು ಮಾತ್ರ ತೆರೆದಿಟ್ಟಳು.

ಮೂವರೂ ತಿಂದರು. ಅಂಥ ವೇಗದಲ್ಲಿ ಎಂದೂ ತಿಂದಿರಲಿಲ್ಲ, ಏಕೆಂದರೆ ಪ್ರತಿಯೊಬ್ಬನಿಗೂ ಕೊನೆಯದು ಬೇರೆಯವನ ಪಾಲಿಗೆ ಬರಲಿ ಎಂಬ ಆತುರ. ಬಾಯಿ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಕೈಗಳು ಒಟ್ಟಿಗೇ ನಿಂತವು. ತಟ್ಟೆಯ ನಡುವೆ, ದುಂಡಗೆ, ಹೊಂಬಣ್ಣಕ್ಕೆ, ಒಂದೇ ಒಂದು.

"ತಿನ್ನೋ ಬರ್ನಾಬೆ," ಎಂದ ಹಿನೆಸ್.

"ನಾನಾ? ಡಾಕ್ಟ್ರು ಎಣ್ಣೆ ಮುಟ್ಟಬೇಡ ಅಂದಿದಾರೆ."

"ಇಷ್ಟು ಹೊತ್ತು ತಿಂದಿದ್ದೇನು, ಹಬೇಲಿ ಬೇಯ್ಸಿದ್ದಾ?"

"ಅದು ಡಾಕ್ಟ್ರಿಗೆ ಗೊತ್ತಾಗಲ್ಲ. ಇದು ಊರಿಗೆಲ್ಲ ಗೊತ್ತಾಗುತ್ತೆ. ನೀನೇ ತಿನ್ನು."

"ನಮ್ಮ ಮನೆತನದಲ್ಲಿ ಇಂಥಾದ್ದೆಲ್ಲ ಇಲ್ಲಪ್ಪಾ."

ಇಬ್ಬರೂ ತೆಲ್ಮೊನ ಕಡೆ ತಿರುಗಿದರು. ತೆಲ್ಮೊನ ಕೈ ಆಗಲೇ ಜೇಬಿನಲ್ಲಿತ್ತು. ಬರ್ನಾಬೆ ಬಾಯಿ ತೆರೆದ, ಏನೋ ನೆನಪಾದಂತೆ ನಕ್ಕ, ಮತ್ತೆ ಮುಚ್ಚಿಕೊಂಡ. ಇದೊಂದನ್ನು ತಿಂದರೆ ಅಂಗಡಿಯ ಮೇಲಿನ ನೀಲಿ ಹೆಸರು ಹೋಯಿತು, ಜೀವಮಾನದ ಸಂಪಾದನೆ ಅದು. ತಿನ್ನದಿದ್ದರೆ ಆ ಕಿಂಡಿಗೆ ಎದುರಾಗಿ ಇನ್ನು ಏತಕ್ಕೆ ಕೂರುವುದು? ಡಬ್ಬಿಯ ಇಟ್ಟಿಗೆ ನೋಡುವುದಕ್ಕೋ?

ಹಿನೆಸ್ ಜೇಬಿನಿಂದ ಚಿಕ್ಕ ಚಾಕು ತೆಗೆದ. ಅರ್ಧ ಮಾತ್ರೆ, ಕಾಲು ಮಾತ್ರೆ ಕತ್ತರಿಸಿ ಪಳಗಿದ ಕೈ. "ಯೋಚನೆ ಮಾಡಿ. ಇಡೀದು ತಿಂದ್ರೆ ತಾನೆ ಕೊನೇದು? ಅರ್ಧ ಅಂದ್ರೆ ಬರೀ ಅರ್ಧ," ಎಂದು ಕ್ರೊಕೆಟಾವನ್ನು ನೀಟಾಗಿ ಎರಡು ಮಾಡಿದ.

ಬರ್ನಾಬೆಗೆ ತರ್ಕ ಹಿಡಿಸಿತು. ಒಂದು ಅರ್ಧವನ್ನು ಬಾಯಿಗೆ ಹಾಕಿಕೊಂಡ. ಈಗ ತಟ್ಟೆಯಲ್ಲಿ ಇನ್ನೊಂದು ಅರ್ಧ. ಮೂವರೂ ಅದನ್ನು ನೋಡಿದರು. ಈಗ ಅದೇ ಕೊನೆಯದು.

"ಮತ್ತೆ ಅರ್ಧ ಮಾಡು," ಎಂದ ಬರ್ನಾಬೆ.

ಹಿನೆಸ್ ಮಾಡಿದ, ಒಂದನ್ನು ತಾನೇ ತಿಂದ. ಕಾಲು ಉಳಿಯಿತು. ಅದನ್ನೂ ಸೀಳಿದ. ಪಕ್ಕದ ಮೇಜಿನಲ್ಲಿ ಡಾಮಿನೊ ಆಡುತ್ತಿದ್ದವರು ಆಟ ಬಿಟ್ಟು ಎದ್ದು ಬಂದು ಮೇಜಿನ ಸುತ್ತ ನಿಂತರು. ತುಣುಕು ಅರೆಕಾಲು ಪಾಲಾಯಿತು, ಅದರರ್ಧವಾಯಿತು, ಹಿನೆಸ್ ಕನ್ನಡಕ ಬದಲಿಸಿದ. ಕಡೆಗೆ ತಟ್ಟೆಯಲ್ಲಿ ಉಳಿದದ್ದು ಸಾಸಿವೆಕಾಳಿನಷ್ಟು ಹೊಂಬಣ್ಣದ ಒಂದು ಚೂರು. ಚಾಕುವಿಗೂ ಸಿಕ್ಕದು, ಮನಸ್ಸಿಗೂ ಬಿಡದು.

"ಹಿನೆಸಣ್ಣಾ, ಇದನ್ನ ಊಟಕ್ಕೆ ಮುಂಚೆ ತಗೋಬೇಕಾ, ಆದ್ಮೇಲಾ?" ಎಂದ ಡಾಮಿನೊದವನೊಬ್ಬ.

"ನೀನು ತಗೊಳ್ಳೋ ಹಾಗಿದ್ರೆ ಹೇಳ್ತೀನಿ!"

ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಆಯ್ತಾ?" ಎಂದಿತು ಕಿಂಡಿ.

"ಆಗ್ತಾ ಇದೆ, ಆಗ್ತಾ ಇದೆ!" ಎಂದರು ಮೂವರೂ.

ಬರ್ನಾಬೆಗೆ ಒಂದು ಉಪಾಯ ಹೊಳೆಯಿತು. ಖಾನಾವಳಿಯ ಬೆಕ್ಕನ್ನು ಎತ್ತಿ ತಟ್ಟೆಯ ಮುಂದೆ ಇಟ್ಟ. ದಿನವಿಡೀ ಮೀನಿನ ತಲೆ ಕದಿಯುವ ಬೆಕ್ಕು ಅದು. ಚೂರನ್ನು ಮೂಸಿತು. ಸುತ್ತ ನಿಂತ ಜನವನ್ನೆಲ್ಲ ಒಮ್ಮೆ ನೋಡಿತು. ಮುಖ ತಿರುಗಿಸಿ, ಬಾಲ ಎತ್ತಿ, ಇಳಿದು ಹೋಯಿತು.

ಕಿಂಡಿಯ ಹಿಂದೆ ಸೌಟು ಕೆಳಗೆ ಬಿದ್ದ ಸದ್ದು. "ಬೆಕ್ಕಿಗೂ ಬೇಡವಾಯ್ತಾ!" ಎಂದಳು ಕಾಂದೆಲಾ. ತೆಲ್ಮೊ ಕಿಂಡಿಯ ಕಡೆ ತಿರುಗಿದ. ಏಜೆಂಟ ಸದ್ದಿಲ್ಲದೆ ಡಬ್ಬಿಯ ಮುಚ್ಚಳ ತೆರೆದ.

ತೆಲ್ಮೊ ಒಳಗೊಳಗೇ ಲೆಕ್ಕ ಹಾಕಿದ. ಹಿಂದಿನ ಸಲ ಹೆಸರು ಕೆಟ್ಟಿತು, ಆದರೆ ಕೈಗೆ ದಪ್ಪನೆಯ ಸೀಗಡಿಯಾದರೂ ಬಂದಿತ್ತು. ಈ ಸಲ ನಷ್ಟ ಅಷ್ಟೇ, ಮಾಲು ಮಾತ್ರ ಸಾಸಿವೆಕಾಳು. ಎಂಥಾ ಮುಠ್ಠಾಳ ವ್ಯಾಪಾರ! ಇಡೀದು ಇದ್ದಾಗಲೇ ತಿಂದಿದ್ದರೆ?

ಅವನು ಜೇಬಿನಿಂದ ಕೈ ತೆಗೆದ. ಬೆರಳ ತುದಿಯನ್ನು ನಾಲಗೆಗೆ ತಾಗಿಸಿ ಒದ್ದೆ ಮಾಡಿ, ಚೂರಿನ ಮೇಲೆ ಒತ್ತಿ, ಬಾಯಿಗೆ ಹಾಕಿಕೊಂಡ. ಹೇಗೂ ಮುಳುಗಿದ ಮೇಲೆ ಎಂದು ಒಂದು ತುಂಡು ಬ್ರೆಡ್ಡಿನಿಂದ ತಟ್ಟೆಯನ್ನೂ ಒರೆಸಿ ತಿಂದ. ಬೆರಳು ನೆಕ್ಕಿದ.

ಆಗ, ಇಷ್ಟು ವರ್ಷ ಹಗ್ಗದಲ್ಲಿ ಕಟ್ಟಿಟ್ಟಿದ್ದ ಬಾಯಿ ಬಿಚ್ಚಿಕೊಂಡಿತು. "ಅಯ್ಯೋ ನಾಚಿಕೆಗೆಟ್ಟವನೇ!" ಎಂದು ಬರ್ನಾಬೆ ಮೇಜು ಗುದ್ದಿದ. "ಲೋ, ಇವನೇ ಕಣ್ರೋ! ಇವ್ನ ಚಿಕ್ಕಮ್ಮನ ಮದುವೇಲೂ ಇವನೇ! ಪಾದ್ರಿ ಮುಂದೆ! ತಲೇನೂ ಹೀರ್ದ! ನನ್ ಸೀಗಡಿ ಅದು!"

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಳಿಸಿ ಹೋಗಿದ್ದ ಹೆಸರು ಅರೆಗಳಿಗೆಯಲ್ಲಿ ಬಾಯಿಂದ ಬಾಯಿಗೆ ಹೋಗಿ ಬೀದಿಗೂ ಇಳಿಯಿತು.

ಕಾಂದೆಲಾ ಹೊರಗೆ ಬಂದಳು. ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅಲ್ಲಿ ಅವಳ ಮುಖವೇ ಕಾಣುತ್ತಿತ್ತು.

"ಯಾರು ತಿಂದಿದ್ದು?"

"ನಾನು," ಎಂದ ತೆಲ್ಮೊ.

"ಹೇಗಿತ್ತು? ನಿಜ ಹೇಳಬೇಕು."

"ನಿಜ ಅಂದ್ರೆ, ಗೊತ್ತೇ ಆಗ್ಲಿಲ್ಲ. ಹಲ್ಲಿನ ಸಂದೀಲಿ ಸೇರ್ಕೊಂಡ್ತು." ತೆಲ್ಮೊ ಖಾಲಿ ತಟ್ಟೆಯ ಕಡೆ ಕೈ ಮಾಡಿದ. ಹೆಸರು ಹೋದ ಮೇಲೆ ಇನ್ನು ಮರ್ಯಾದೆಯ ಬಹುವಚನ ಯಾಕೆ? "ಇನ್ನೊಂದು ತಟ್ಟೆ ತಾ ಕಾಂದೆಲಾ. ಸರಿಯಾಗಿ ತಿಂದು ಹೇಳ್ತೀನಿ."

ಕಾಂದೆಲಾ ಅವನನ್ನು ನೋಡಿದಳು. "ನಾಚಿಕೆಗೆಟ್ಟವನೇ," ಎಂದಳು. ಆ ಮಾತನ್ನು ಜೀವಮಾನವೆಲ್ಲ ಕೇಳಿದ್ದ ತೆಲ್ಮೊಗೆ, ಅದಕ್ಕೆ ಇಂಥದೊಂದು ರಾಗವೂ ಇದೆ ಎಂದು ಅವತ್ತೇ ತಿಳಿದದ್ದು.

ತಟ್ಟೆಗಳು ಬಂದವು. ಡಾಮಿನೊದವರಿಗೊಂದು, ಇವರಿಗೊಂದು, ಇಷ್ಟು ಹೊತ್ತು ವಾಸನೆ ಕುಡಿದು ಸಾಕಾಗಿದ್ದ ಏಜೆಂಟನಿಗೂ ಒಂದು. ಏಜೆಂಟ ತಿಂದ, ಹಾ ಹೂ ಎಂದ, ಬಾಯಿ ಒರೆಸಿಕೊಂಡು ಎದ್ದ. ಆಗಲೇ ನೋಡಿದ್ದು, ಇಡೀ ಖಾನಾವಳಿ ಅವನ ತಟ್ಟೆಯನ್ನೇ ದಿಟ್ಟಿಸುತ್ತಿತ್ತು. ತಟ್ಟೆಯ ನಡುವೆ, ದುಂಡಗೆ, ಒಂದೇ ಒಂದು.

"ರುಚಿ ಇಲ್ವೇನಪ್ಪಾ?" ಎಂದಳು ಕಾಂದೆಲಾ, ಸೊಂಟದ ಮೇಲೆ ಕೈಯಿಟ್ಟು.

"ಅಯ್ಯೋ, ಹಾಗಲ್ಲಮ್ಮಾ..." ಏಜೆಂಟನ ಕಿವಿ ಕೆಂಪಾಯಿತು. "ಒಂಥರಾ... ನಾಚಿಕೆ."

ಅವನು ಡಬ್ಬಿ ಎತ್ತಿಕೊಂಡು ಹೊರಟ. ಬಾಗಿಲವರೆಗೂ ಅದರಿಂದ ಕರಗಿದ ನೀರು ತೊಟ್ಟಿಕ್ಕಿತು. ಅವನು ಬಿಟ್ಟದ್ದನ್ನು ತೆಲ್ಮೊ ತಿಂದ, ಈ ಸಲ ಇಡಿಯಾಗಿ.

ಅಲ್ಲಿಂದ ಮುಂದೆ ಅವನಿಗೆ ಬಿಡುವಿಲ್ಲ. ಯಾವ ಮೇಜಿನಲ್ಲಿ ಕೊನೆಯ ತುಂಡು ಸಿಕ್ಕಿಹಾಕಿಕೊಂಡರೂ, "ಏ ನಾಚಿಕೆಗೆಟ್ಟವನೇ, ಇಲ್ಲೊಂದು ಕೇಸಿದೆ ಬಾರಪ್ಪಾ" ಎಂದು ಕರೆ ಬರುತ್ತದೆ. ಅವನು ಎದ್ದು ಹೋಗಿ, ತಿಂದು, ಎಲ್ಲರ ಮಾನ ಉಳಿಸಿ ಬರುತ್ತಾನೆ. ಮದುವೆಗಳಿಗೆ ಮೊದಲು ಪಾದ್ರಿಗೆ ಹೇಳುತ್ತಾರೆ, ಆಮೇಲೆ ಇವನಿಗೆ. ನಡು ಸುತ್ತಳತೆ ಬೆಳೆದಿದೆ, ವ್ಯಾಪಾರವೂ ಬೆಳೆದಿದೆ. ಅಂಗಡಿಯ ಮೇಲೆ ಈಗ ಕೆಂಪಕ್ಷರದಲ್ಲಿ, ನಾಚಿಕೆಗೆಟ್ಟ ತೆಲ್ಮೊ ಎಂದೇ ಬರೆಸಿದ್ದಾನೆ. ದೂರದ ಬಂದರಿನವರೂ ಹುಡುಕಿಕೊಂಡು ಬರುತ್ತಾರೆ.

ಬರ್ನಾಬೆ ಹಗ್ಗಕ್ಕೆ ಬಂದಾಗ ತೆಲ್ಮೊ ಅಳೆದು, ಸರಿಯಾಗಿ ಕತ್ತರಿಸಿ ಕೊಟ್ಟ.

"ಏನೋ ಇದು, ಒಂದು ಮಾರು ಕಮ್ಮಿ ಇದ್ದ ಹಾಗಿದೆಯಲ್ಲ?"

"ಕಮ್ಮಿ ಇಲ್ಲ ಮಾರಾಯ. ಹೆಚ್ಚಿಗೆ ಇಲ್ಲ, ಅಷ್ಟೇ. ನೀನು ಹೇಳಿಬಿಟ್ಟೆಯಲ್ಲ."

ಗಿರಾಕಿಗಳೆಲ್ಲ ಹೋದ ಮೇಲೆ ಕಾಂದೆಲಾ ಈಗ ಒಬ್ಬಳೇ ಊಟ ಮಾಡುವುದಿಲ್ಲ. ಅಡುಗೆಮನೆಯ ಮೇಜಿಗೆ ಎರಡು ಕುರ್ಚಿ, ನಡುವೆ ಒಂದು ತಟ್ಟೆ. ಮೊನ್ನೆಯೂ ಹಾಗೇ ಕೂತಿದ್ದರು. ತಟ್ಟೆಯಲ್ಲಿ ಒಂದು ಕ್ರೊಕೆಟಾ ಉಳಿಯಿತು.

"ತಿನ್ನು. ಅದು ನಿನ್ನ ಕಸುಬು ತಾನೆ?"

"ಇಲ್ಲಿ ರಜಾ. ನೀನು ತಿನ್ನು."

"ನಂಗೆ ಹೊಟ್ಟೆ ತುಂಬಿದೆ."

"ನಂಗೂ."

ಇಬ್ಬರೂ ಅದನ್ನೇ ನೋಡುತ್ತ ಕೂತರು. ಕಿಟಕಿಯ ಮೇಲಿದ್ದ ಬೆಕ್ಕು ಮಾತ್ರ ಆ ಕಡೆ ಮುಖ ತಿರುಗಿಸಿಕೊಂಡಿತು. ಆ ಊರಿನ ಬೆಕ್ಕಿಗೂ ಒಂದು ಮರ್ಯಾದೆ ಇದೆ.