ಹೊಳೆಯದು ಹೊಳೆಗೆ

ಹೊಳೆನರಸೀಪುರದ ಹೊರಗೆ, ಕೆರೆಗೂ ಹೇಮಾವತಿಗೂ ನಡುವೆ ಎದ್ದಿರುವ ಬಡಾವಣೆಗೆ ಯಾರೇ ಹೊಸಬರು ಬರಲಿ, ಬ್ರಾಹ್ಮಿಯಮ್ಮ ಬಾಗಿಲಲ್ಲಿ ಹಾಜರು. ಮೊದಲ ಪ್ರಶ್ನೆಯೇ "ಗಾಳಿ ಬಂತಾ?" ಫ್ಯಾನ್ ತಿರುಗುತ್ತಿದ್ದರೆ ತಾವೇ ಆರಿಸಿ ಕಿಟಕಿ ತೆರೆಯುತ್ತಾರೆ, ಈ ಕೆರೆಗಾಳಿಗೆ ಕಾಯಿಲೆಯವರೂ ಎರಡು ಮುದ್ದೆ ಉಣ್ಣುತ್ತಾರೆಂದು ಆಣೆಯಿಡುತ್ತಾರೆ. ಹಾಸನದಿಂದ ಬಂದ ದೀಪಶ್ರೀಗೆ ಮಾತ್ರ ಆ ಕೆರೆಯೇ ಭಯ. ಮಗಳು ನಿಸರ್ಗ ಈಗಷ್ಟೇ ತಪ್ಪುಹೆಜ್ಜೆ ಇಡುತ್ತಿದ್ದಳು. ಮನೆ ಖಾಲಿ ಮಾಡೋಣವೆಂದು ಗಂಡನಿಗೆ ಹೇಳಿಯೂ ಆಗಿತ್ತು. ಬ್ರಾಹ್ಮಿಯಮ್ಮ ಜೈನರು, ಬಟ್ಟೆಯಲ್ಲಿ ಸೋಸದೆ ನೀರು ಕುಡಿಯರು. ಸೋಸಿದ ಬಟ್ಟೆಯನ್ನು ಚೊಂಬಿನಲ್ಲಿ ಜಾಲಿಸಿ, ಆ ನೀರು ಹಿಡಿದು ದಿನವೂ ಹೊಳೆಗೆ ನಡೆಯುತ್ತಾರೆ. "ಕೆರೆ ಇಲ್ಲೇ ಅದೆಯಲ್ಲಮ್ಮ, ಸುರುದ್ಬುಡಿ" ಎಂದಳು ದೀಪಶ್ರೀ ಒಮ್ಮೆ. "ನಲ್ಲೀಲಿ ಬರೋದು ಹೊಳೆ ನೀರು ಕಣವ್ವ. ಇದ್ರಲ್ಲಿರೋ ಜೀವ ಎಲ್ಲಾ ಹೊಳೇವು. ಕೆರೆಗೆ ಬುಟ್ರೆ ಅವಕ್ಕೆ ಒಗ್ಗಬೇಕಲ್ಲ? ನಿಂಗೂ ಇಲ್ಲಿ ಒಗ್ಗದಿದ್ರೆ ಹೇಳು, ಹಾಸನದ ಬಸ್ಸಿಗೆ ನಾನೇ ಹತ್ತಿಸ್ತೀನಿ!" ಎಂದು ನಕ್ಕು, ಚೊಂಬು ತುಳುಕದಂತೆ ಹೊರಟರು. ಕಾಣದ ಜೀವವನ್ನೂ ಇಷ್ಟು ಕಾಯುವ ಕಣ್ಣು ತನ್ನ ಮಗುವಿನ ಮೇಲೂ ಇದ್ದೇ ಇರುತ್ತದೆ ಅನ್ನಿಸಿತು ದೀಪಶ್ರೀಗೆ. ಆದರೂ ಗಂಡನಿಗೆ ಫೋನ್ ಮಾಡಿ, ಬಾಗಿಲಿಗೊಂದು ಗಿಡ್ಡ ಗೇಟು ಮಾಡಿಸಬೇಕು, ಬರುವಾಗ ಬಡಗಿಯನ್ನು ಕರೆದುಕೊಂಡೇ ಬನ್ನಿ ಎಂದಳು.