ನಿಂತ ಮೇಲೆ ಹೋಗೋಣ ಅಂದಿದ್ದಳು ರೇಣುಕ

"ಹೊಸ್ತಿಲು ಯಾರನ್ನೂ ತಡೆಯುವುದಿಲ್ಲ…"
ಎಲ್ಲೋ ಓದಿದ ಸಾಲು. ಮುಂದಿನದು ಮರೆತಿದೆ.
ಬೆಳಿಗ್ಗೆಯಿಂದ ಇದೇ ತಲೆಯಲ್ಲಿ…
ಹೌದಾ? ತಡೆಯುವುದಿಲ್ಲವಾ?

ನಮ್ಮ ರೇಣುಕ ಇಲ್ಲ.
ನಂಬಲಾಗುತ್ತಿಲ್ಲ…

ರಾಬರ್ಟ್‌ಸನ್‌ಪೇಟೆಯ ನಮ್ಮ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ.
ನಾನು ಪದ್ಯ ಓದಿದರೆ, "ಇದ್ರಾಗೆ ಎಕ್ಸ್ ಎಲ್ಲೈತೆ ಹೇಳೇ, ಕಂಡಿಡ್ದು ಕೊಡ್ತೀನಿ" ಎಂದು ನಗಿಸುತ್ತಿದ್ದವಳು.

ಗರ್ಭಕೊರಳಿನ ಕ್ಯಾನ್ಸರ್…

ಕೆಲವು ವರ್ಷಗಳ ಹಿಂದೆ ಇಬ್ಬರೂ ಒಟ್ಟಿಗೇ ಅದರ ಟೆಸ್ಟ್ ಮಾಡಿಸಿದ್ದೆವು. ನನ್ನದು ನೆಗೆಟಿವ್.
ಅವಳದು ಎಚ್‌ಪಿವಿ ಪಾಸಿಟಿವ್. ಆ ಕ್ಯಾನ್ಸರ್ ತರಬಲ್ಲ ವೈರಸ್.
"ಹೆದರಬೇಡಿ, ಇದು ಕ್ಯಾನ್ಸರ್ ಅಲ್ಲ. ಬಹಳ ಹೆಂಗಸರಲ್ಲಿ ಈ ವೈರಸ್ ತಾನಾಗಿಯೇ ಹೋಗುತ್ತೆ. ಹೋಯ್ತಾ ಇಲ್ವಾ ಅಂತ ವರ್ಷದ ಮೇಲೆ ನೋಡಲೇಬೇಕು. ಮುಟ್ಟಿನ ದಿನಗಳಲ್ಲಿ ಮಾತ್ರ ಬರಬೇಡಿ" ಎಂದಿದ್ದರು ಡಾಕ್ಟರ್.

ಆ ಕೊನೆಯ ಮಾತೊಂದನ್ನೇ ಹಿಡಿದುಕೊಂಡೆಯಲ್ಲ ರೇಣುಕ…

ಯಾವಾಗ ಕರೆದರೂ ಒಂದೇ ಉತ್ತರ.
"ಹೊರಗಿದ್ದೀನಿ ಕಣೇ. ನಿಂತ್ಮೇಲೆ ಓಗಾಣ."
ನಿಮ್ಮ ಮನೆಯಲ್ಲಿ ಮುಟ್ಟಾದವರಿಗೆ ಹಿತ್ತಿಲ ಕೋಣೆ. ಮೂರು ದಿನ ಇದ್ದದ್ದು ವಾರವಾಯಿತು… ಆಮೇಲೆ ಲೆಕ್ಕವೇ ಇಲ್ಲ.
ನಿನ್ನ ಚಾಪೆ ಅಲ್ಲಿಂದ ಒಳಗೆ ಬರಲೇ ಇಲ್ಲ.

"ನಿಲ್ತಾ ಇಲ್ಲ ಅಂತಲೇ ಹೋಗಬೇಕು ಕಣೇ. ಅದು ಮುಟ್ಟಲ್ಲ" ಎಂದೆ.
"ಇಂಗೇ ಓಗಿ ಡಾಕ್ಟ್ರು ಮುಂದೆ ಮಲಗ್ಲಾ? ಥೂ, ನಾಚ್ಕೆಗೆಟ್ಟೋಳೇ!"
ಹೇಳಿ ನೀನೇ ನಕ್ಕೆ…

ಕೊನೆಗೆ ಬಂಗಾರಪೇಟೆ ಸ್ಟೇಷನ್ನಿಗೆ ನಾನೇ ಎಳೆದುಕೊಂಡು ಹೋದೆ. ಬೆಂಗಳೂರಿನ ಡಾಕ್ಟರ್ ಪರೀಕ್ಷಿಸಿ, ಗ್ಲೌಸ್ ತೆಗೆದು, ಬಹಳ ಹೊತ್ತು ಕೈ ತೊಳೆಯುತ್ತಲೇ ಇದ್ದರು.
ಆಮೇಲೆ ರೇಡಿಯೇಷನ್, ಕೀಮೋ…
ನಿನ್ನ ಬ್ಯಾಗ್ ಹಿಡಿದು ಪಕ್ಕದಲ್ಲಿ ಕೂತೆ. ಅಷ್ಟೇ. ಇನ್ನೇನು ಮಾಡಲಾಯಿತು ನನ್ನಿಂದ?

ಗೆಳತಿಯರೇ, ನಿಲ್ಲಲಿ ಎಂದು ಕಾಯಬೇಡಿ…
ಇದಕ್ಕಿಂತ ಹೆಚ್ಚು ಬರೆಯಲು ತೋಚುತ್ತಿಲ್ಲ.

ಹೋಗಿ ಬಾ ರೇಣುಕ.
ನಿನ್ನ ಜೀವ ಇನ್ನಾದರೂ ತಣ್ಣಗಿರಲಿ…

ಮಧ್ಯಾಹ್ನ ನಿನ್ನ ಮನೆಗೆ ಬಂದಾಗ ಕಾಲು ತಾನಾಗಿ ಹಿತ್ತಿಲ ಕಡೆ ತಿರುಗಿತ್ತು. ಅಭ್ಯಾಸ.
ಬಾಗಿಲಲ್ಲಿದ್ದ ಪಕ್ಕದ ಮನೆಯ ಮುನಿಯಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು.
"ಅಲ್ಲಿಲ್ಲ ಕಣಮ್ಮಾ… ಇವತ್ತು ನಡುಮನೇಲೇ ಮಲಗ್ಸವ್ರೆ."